ಒಡಪಿನ ರೇಣು

ಪುಣೆಯ ಕೋಥರೂಡದ ಆ ವಸತಿ ಸೊಸೈಟಿಯಲ್ಲಿ ರೇಣು ಎಂಬ ಹೆಸರಿನವರು ಮೂವರಿದ್ದರು. ಒಬ್ಬಳು ಬ್ಯಾಂಕಿನ ರೇಣು, ಒಬ್ಬಳು ನಾಯಿ ಸಾಕಿದ ರೇಣು, ಮೂರನೆಯವಳು ಒಡಪಿನ ರೇಣು. ಮೊದಲಿನ ಇಬ್ಬರನ್ನು ಅವರವರ ಮಾಳಿಗೆಯವರು ಬಿಟ್ಟರೆ ಬೇರೆ ಯಾರೂ ಅರಿಯರು. ಒಡಪಿನ ರೇಣುವನ್ನು ಮಾತ್ರ ಪುಣೆಯಲ್ಲಿ ಮದುವೆ ಮಾಡಿದ ಉತ್ತರ ಕರ್ನಾಟಕದ ಮನೆಯವರೆಲ್ಲ ಬಲ್ಲರು.

ಒಡಪು ಗೊತ್ತಿಲ್ಲದವರಿಗೆ ಒಂದು ಮಾತು. ಗಂಡನ ಹೆಸರನ್ನು ಹೆಂಡತಿ ಬಾಯಿ ಬಿಟ್ಟು ಹೇಳಬಾರದು ಎಂದು ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಕಟ್ಟು ಹಾಕಿದರು. ಹೆಂಗಸರು ಸುಮ್ಮನಿರುತ್ತಾರೆಯೇ? ಕಟ್ಟಿನಲ್ಲೇ ಒಂದು ಕಿಂಡಿ ಕೊರೆದರು. ಪ್ರಾಸ ಕೂಡಿಸಿ, ಪದ್ಯದ ನಡುವೆ ಹೆಸರು ಸೇರಿಸಿ ಹೇಳಿದರೆ ತಪ್ಪಿಲ್ಲವಂತೆ! ಅದೇ ಒಡಪು. ಮರಾಠಿ ಮಂದಿಯಲ್ಲೂ ಈ ಪದ್ಧತಿ ಇದೆ, ಅವರು ಉಖಾಣಾ ಎನ್ನುತ್ತಾರೆ. ಮದುವೆಯಾಗಿ ಬಂದ ಹುಡುಗಿಯನ್ನು ಹೊಸ್ತಿಲಲ್ಲೇ ಅಡ್ಡಗಟ್ಟಿ, ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತಾರೆ. ಅಡ್ಡಗಟ್ಟುವವರು ಇದ್ದರೇ ಒಡಪಿಗೆ ರುಚಿ. ಯಾರೂ ಕೇಳದೆ, ಒಬ್ಬಳೇ ಕೂತು ಹೇಳಿಕೊಂಡರೆ ಅದು ಒಡಪಾಗುವುದಿಲ್ಲ.

ರೇಣು ಹಳೆಯ ಒಡಪುಗಳನ್ನು ಒಪ್ಪಿಸುತ್ತಿರಲಿಲ್ಲ, ಹೊಸದಾಗಿ ಬರೆಯುತ್ತಿದ್ದಳು. ಲಗ್ನಪತ್ರಿಕೆ ಕೊಡಲು ಬಂದವರು ಚಹಾ ಕುಡಿದು, ಮೆಲ್ಲಗೆ ಹುಡುಗಿಯ ಕಥೆಯನ್ನೂ ಹೇಳಿ ಹೋಗುತ್ತಿದ್ದರು. ಹುಡುಗ ಏನು ಮಾಡುತ್ತಾನೆ, ಹುಡುಗಿಗೆ ಯಾವುದರ ಮೇಲೆ ಸಿಟ್ಟು, ಇಬ್ಬರೂ ಮೊದಲು ಎಲ್ಲಿ ವಡಾಪಾವ್ ತಿಂದರು. ರೇಣು ಅದೇ ಪತ್ರಿಕೆಯ ಖಾಲಿ ಬೆನ್ನಿನ ಮೇಲೆ ಒಡಪು ಬರೆದು ಕೊಡುತ್ತಿದ್ದಳು. ಹಗಲೆಲ್ಲ ಕಣ್ಣಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೂತು ಮಂದಿಯ ಹೆಸರು ಕೂಗುವುದು ಅವಳ ನೌಕರಿ. ಊರವರ ಹೆಸರನ್ನೆಲ್ಲ ಗಂಟಲು ಹರಿಯುವಂತೆ ಕೂಗುವವಳು ಮನೆಗೆ ಬಂದು ಗಂಡನಿಗೆ ಮಾತ್ರ 'ಏನ್ರೀ' ಎನ್ನುತ್ತಿದ್ದಳು.

ಆ ಏನ್ರೀಯ ಹೆಸರು ಬಸವಪ್ರಭು. ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಾತು ಕಡಿಮೆ. ಯಾವುದೇ ಸಮಾರಂಭದಲ್ಲಿ ಹೆಂಗಸರು ರೇಣುವನ್ನು ಎಬ್ಬಿಸಿ ನಿಲ್ಲಿಸಿದ ಕೂಡಲೇ ಅವನು ಗಂಡಸರ ಸಾಲಿನಲ್ಲಿ ಪೇಪರು ಬಿಚ್ಚುತ್ತಿದ್ದ. ರೇಣು ಅವನತ್ತಲೇ ನೋಡುತ್ತ ಶುರು ಮಾಡುವಳು:

"ಉಪ್ಪಿಲ್ಲದ ಸಾರು ಉಣ್ತಾರ, ಸಪ್ಪಳಿಲ್ಲದ ಸಿಟ್ಟು ಮಾಡ್ತಾರ,
ಬಸವಪ್ರಭು ಅವರ ಹೆಸರು ಹೇಳಿದ್ರ ಪೇಪರಿನ ಹಿಂದ ಅಡಗ್ತಾರ."

ಮಂದಿ ಹೋ ಎಂದು ನಗುತ್ತಿದ್ದರು. ಪೇಪರಿನ ಹಿಂದಿನ ಮುಖ ಕೆಂಪಾಗಿರುತ್ತಿತ್ತು. ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ ಅವನು, "ಮುಂದಿನ ಸಲ ಮೀಸಿ ಮ್ಯಾಲೆ ಏನರ ಕಟ್ಟು," ಎನ್ನುತ್ತಿದ್ದ. ಅವನಿಗೆ ಅದು ಎಷ್ಟು ಇಷ್ಟವೆಂದು ರೇಣುವಿಗೆ ಗೊತ್ತಿತ್ತು.

ಹೀಗಿದ್ದ ಬಸವಪ್ರಭು ಒಂದು ಮಧ್ಯಾಹ್ನ ಕಂಪನಿಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತವನು ಮೇಲೇಳಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ಅದಾದ ಮೇಲೆ ರೇಣುವಿಗೆ ಮಂದಿ ಏನೂ ಕಡಿಮೆ ಮಾಡಲಿಲ್ಲ. ಬಂದರು, ಅತ್ತರು, ಊಟದ ಡಬ್ಬಿ ತಂದುಕೊಟ್ಟರು. ಆದರೆ ಒಡಪು ಮಾತ್ರ ಯಾರೂ ಕೇಳಲಿಲ್ಲ. ಗಂಡ ಹೋದವಳ ಬಾಯಲ್ಲಿ ಅವನ ಹೆಸರು ಹೇಳಿಸುವುದಿಲ್ಲ, ಅವಳ ಕೈಯಿಂದ ಮದುಮಗಳಿಗೆ ಒಡಪು ಬರೆಸುವುದೂ ಇಲ್ಲ. ಯಾರೂ ಬೇಡ ಎನ್ನಲಿಲ್ಲ, ಸುಮ್ಮನೆ ಕೇಳುವುದನ್ನು ಬಿಟ್ಟರು. ಪತ್ರಿಕೆಗಳು ಬಂದವು, ಚಹಾ ಕುಡಿದವರು ಹುಡುಗಿಯ ಕಥೆ ಹೇಳದೆ ಎದ್ದು ಹೋದರು. ಹೆಸರು ಹೇಳಲು ಇದ್ದ ಒಂದೇ ಕಿಂಡಿಯೂ ಹೀಗೆ ಮುಚ್ಚಿತು.

ರೇಣು ಕುಸಿದಳು. ಕ್ಲಿನಿಕ್ಕಿಗೆ ಹೋಗುವುದು, ಬರುವುದು, ಚಪ್ಪಲಿ ಬಿಟ್ಟಲ್ಲೇ ಸೋಫಾದ ಮೇಲೆ ಉರುಳುವುದು. ಟೀವಿ ತನ್ನ ಪಾಡಿಗೆ ತಾನು ಒದರುತ್ತಿತ್ತು. ಒಬ್ಬಳಿಗಾಗಿ ಯಾರು ರೊಟ್ಟಿ ಬಡಿಯಬೇಕು ಎಂದು ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದಳು, ಮುಂಜಾನೆಯೂ ಅದೇ, ಸಂಜೆಯೂ ಅದೇ. ಮಗ ಸ್ವಪ್ನಿಲ್ ಆಫೀಸಿನಿಂದ ಬರುವಾಗ ಏನಾದರೂ ಪಾರ್ಸೆಲ್ ತರುತ್ತಿದ್ದ. ಮೈ ಊದಿತು, ಸಕ್ಕರೆ ಕಾಯಿಲೆ ಬಂತು, ಬಿಪಿ ಅದರ ಬೆನ್ನಿಗೇ ಬಂತು. ಡಾಕ್ಟರು ಬೈದರು. ಬೈಸಿಕೊಂಡು ಬಂದು ಮತ್ತೆ ಖಾರಿ ತಿಂದಳು.

ಹೀಗೇ ಎರಡು ವರ್ಷ ಕಳೆಯಿತು. ಆಗ ಲೀಲಾಕ್ಷಿ ಎಡವಟ್ಟು ಮಾಡಿದಳು.

ಲೀಲಾಕ್ಷಿ ಕರಾವಳಿಯವಳು. ಗಂಡ ಮೋಹನದಾಸ್ ಅಲ್ಲೇ ಹತ್ತಿರದಲ್ಲಿ ಉಡುಪಿ ಹೋಟೆಲು ನಡೆಸುತ್ತಾನೆ. ಕನ್ನಡ ಮಹಿಳಾ ಮಂಡಳಕ್ಕೆ ಆ ವರ್ಷವಷ್ಟೇ ಸೇರಿದ್ದಳು, ಸೇರಿದವಳೇ ಸ್ನೇಹಸಮ್ಮೇಳನದ ಮೈಕು ಹಿಡಿದಿದ್ದಳು. ಅವಳ ಕಡೆಯಲ್ಲಿ ಒಡಪೂ ಇಲ್ಲ, ಅದರ ಕಟ್ಟಳೆಯೂ ಇಲ್ಲ. ಒಡಪಿನ ಸ್ಪರ್ಧೆ ಶುರುವಾಗುವಾಗ ಯಾರೋ ಹಿಂದೆಂದೋ ಹೇಳಿದ ಮಾತು ಅವಳ ನೆನಪಿಗೆ ಬಂತು. ಮೈಕಿನಲ್ಲಿ ಗಟ್ಟಿಯಾಗಿ ಕೂಗಿಯೇಬಿಟ್ಟಳು: "ಮೊದಲಿಗೆ ನಮ್ಮ ರೇಣಕ್ಕ ಹೇಳ್ಬೇಕು! ಒಡಪು ಅಂದ್ರೆ ರೇಣಕ್ಕ ಅಂತೆ ಅಲ್ವಾ? ಬನ್ನಿ ಬನ್ನಿ, ಯಜಮಾನರ ಹೆಸರು ಹೇಳಿ!"

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಯ ಸಾಲಿನಲ್ಲಿದ್ದ ರೇಣು ಎದ್ದು ನಿಂತಳು. ಅವಮಾನವಾಯಿತು, ಎದ್ದು ಹೊರಡುತ್ತಾಳೆ ಎಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ ಅವಳು ಎದ್ದದ್ದು ಒಡಪು ಹೇಳಲಿಕ್ಕೆ. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ಎದೆ ಉಬ್ಬಿ ಬಂದಿತ್ತು. ಬಾಯಿ ತೆರೆದಳು. ಒಂದು ಸಾಲೂ ಬರಲಿಲ್ಲ. ಹೊಸದು ಹೋಗಲಿ, ಹಳೆಯದೂ ಬರಲಿಲ್ಲ. ಉಪ್ಪು, ಸಾರು, ಸಿಟ್ಟು, ಎಲ್ಲ ಎಲ್ಲಿಗೋ ಹೋಗಿದ್ದವು. ಚೀಲ ತೆಗೆದುಕೊಂಡು ಹೊರಟುಹೋದಳು.

ಮರುದಿನ ಬೆಳಗ್ಗೆ ಲೀಲಾಕ್ಷಿ ಬಾಗಿಲಿಗೆ ಬಂದಳು. ಅವಳ ಕಣ್ಣು ಅತ್ತು ಊದಿಕೊಂಡಿದ್ದವು.

"ನನಗೆ ಗೊತ್ತೇ ಇರ್ಲಿಲ್ಲ ರೇಣಕ್ಕ. ಆ ಮೇಲೆ ಎಲ್ಲರೂ ಸೇರಿ ನನ್ನ ಗ್ರಹಚಾರ ಬಿಡಿಸಿದ್ರು. ನಿಮ್ಮ ಕಾಲು ಬೇಕಾದ್ರೂ ಹಿಡಿತೇನೆ ಮಾರಾಯ್ತಿ."

"ಕಾಲ್ಯಾಕ ಹಿಡಿತೀರಿ, ಒಳಗ ಬರ್ರಿ," ಎಂದಳು ರೇಣು. "ನೀವು ಕೇಳಿದ್ದು ತಪ್ಪಲ್ಲ. ನೀವೊಬ್ಬರಾದ್ರೂ ಕೇಳಿದ್ರಿ. ನನಗ ಹೇಳಾಕ ಬರಲಿಲ್ಲ, ಅದರದೇ ನನಗ ಸಂಕಟ." ಹೇಳುತ್ತಿದ್ದಂತೆ ಅಳು ಒತ್ತರಿಸಿ ಬಂತು. "ಅವರ ಹೆಸರು ಒಡಪಿನ್ಯಾಗ ಬಿಟ್ರ ನಾ ಎಲ್ಲೂ ಹೇಳಿದಾಕಿ ಅಲ್ರಿ. ಈಗ ಒಡಪೂ ಹೋತು."

ಲೀಲಾಕ್ಷಿ ಮೇಜಿನ ಮೇಲಿನ ಚಹಾದ ಕಪ್ಪನ್ನೂ ಖಾರಿಯ ಪೊಟ್ಟಣವನ್ನೂ ನೋಡಿದಳು. ಹೋಟೆಲಿನವನ ಹೆಂಡತಿ, ಮನುಷ್ಯರು ಏನು ತಿನ್ನುತ್ತಿದ್ದಾರೆ ಎನ್ನುವುದೇ ಅವಳಿಗೆ ಮೊದಲು ಕಾಣುವುದು.

"ಇದೆಂತ ತಿಂಡಿ? ಇದನ್ನು ತಿಂದ್ರೆ ಪದ್ಯ ಎಲ್ಲಿಂದ ಬರ್ತದೆ? ನಾಳೆ ಬೆಳಿಗ್ಗೆ ಆ ಗುಡ್ಡಕ್ಕೆ, ಟೇಕಡಿಗೆ, ಹೋಗುವ. ನನಗೂ ಡಾಕ್ಟ್ರು ನಡೀಲಿಕ್ಕೆ ಹೇಳಿ ಸುಮಾರು ಸಮಯ ಆಯ್ತು. ಒಬ್ಬಳೇ ಹೋಗ್ಲಿಕ್ಕೆ ಬೇಜಾರು."

ರೇಣು ಒಲ್ಲೆ ಎಂದಳು. ಲೀಲಾಕ್ಷಿ ಒಲ್ಲೆ ಎಂಬ ಪದವನ್ನು ಕೇಳಿಸಿಕೊಳ್ಳುವ ಪೈಕಿಯವಳಲ್ಲ. ಮರುದಿನ ನಸುಕಿನಲ್ಲಿ ಬಂದು ಗಂಟೆಯ ಗುಂಡಿ ಒತ್ತಿ ಹಿಡಿದಳು. ಇಡೀ ಮಾಳಿಗೆ ಎಚ್ಚರಾಯಿತು.

ಮೊದಲ ದಿನ ಟೇಕಡಿಯ ಬುಡದಲ್ಲೇ ಇಬ್ಬರೂ ಕಲ್ಲಿನ ಮೇಲೆ ಕೂತು ವಾಪಸು ಬಂದರು. ಪಕ್ಕದಲ್ಲಿ ಎಂಬತ್ತರ ಮರಾಠಿ ಅಜ್ಜಂದಿರು ಟೋಪಿ ಹಾಕಿಕೊಂಡು ಸರಸರ ಏರಿ ಹೋಗುತ್ತಿದ್ದರು. "ನಮಗಿಂತ ಇವರಿಗೇ ಅವಸರ ನೋಡ್ರಿ," ಎಂದಳು ರೇಣು. ಲೀಲಾಕ್ಷಿ ನಕ್ಕಳು, ರೇಣುವಿಗೂ ನಗು ಬಂತು. ದಿನ ಹೋದಂತೆ ಕಲ್ಲು ದಾಟಿದರು, ಮೊದಲ ತಿರುವು ದಾಟಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೆ ನಿಂತು ಇಡೀ ಪುಣೆಯನ್ನು ನೋಡಿ, ತಮ್ಮ ಕಟ್ಟಡ ಯಾವುದೆಂದು ಜಗಳವಾಡಿದರು.

ನಡೆದು ಬಂದವಳಿಗೆ ಹಸಿವಾಗತೊಡಗಿತು. ಖರೇ ಹಸಿವು, ಖಾರಿಗೆ ತಣಿಯದ ಹಸಿವು. ಜೋಳದ ಹಿಟ್ಟು ತರಿಸಿದಳು. ಬಿಟ್ಟ ಕೈ, ಮೊದಲ ರೊಟ್ಟಿಗಳು ನಕಾಶೆಯಂತೆ ಹರಿದವು. ಸ್ವಪ್ನಿಲ್ ಹರಿದ ರೊಟ್ಟಿಗೇ ಮೆಂತ್ಯದ ಪಲ್ಯ ಹಚ್ಚಿಕೊಂಡು ತಿಂದು, ಮುಂದಿನ ವಾರ ಪಾರ್ಸೆಲ್ ತರುವುದನ್ನು ಬಿಟ್ಟ. ಚಹಾದಿಂದ ಸಕ್ಕರೆ ಹೋಯಿತು. ಅದೊಂದನ್ನು ಬಿಡಲು ರೇಣು ಪಟ್ಟ ಪಾಡು ಅಷ್ಟಿಷ್ಟಲ್ಲ, ಮೊದಲ ಕೆಲವು ದಿನ ಚಹಾ ಕುಡಿಯುವಾಗ ಕಪ್ಪಿಗೇ ಬೈಯುತ್ತಿದ್ದಳು. ರಾತ್ರಿ ನಿದ್ದೆ ಬರತೊಡಗಿತು. ಡಾಕ್ಟರು ವರದಿ ನೋಡಿ ಬೈಯುವುದಕ್ಕೆ ಏನೂ ಸಿಗದೆ ಪೆಚ್ಚಾದರು.

ಒಡಪು ಮಾತ್ರ ಬರಲಿಲ್ಲ. ಏರು ಹತ್ತುವಾಗ ಹೆಜ್ಜೆಯ ತಾಳಕ್ಕೆ ಸಾಲು ಹೊಂದಿಸಿ ನೋಡುವಳು, ಅರ್ಧಕ್ಕೇ ಕಡಿದುಹೋಗುವುದು. ಒಂದು ಬೆಳಗ್ಗೆ ಲೀಲಾಕ್ಷಿ ಇಳಿಜಾರಿನಲ್ಲಿ ತನ್ನ ಹೋಟೆಲಿನ ಸಾಂಬಾರಿನ ಬಗ್ಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ರೇಣು ತನಗೇ ಅರಿವಿಲ್ಲದೆ ಹೇಳಿಬಿಟ್ಟಳು:

"ಏರು ಹತ್ತುವಾಗ ಲೀಲಕ್ಕನ ಬಾಯಿ ಬಂದ,
ಇಳಿಜಾರು ಬಂತಂದ್ರ ಮಾತಿನ ಮ್ಯಾಲೆ ಮಾತು, ಅದೇ ಚೆಂದ!"

ಲೀಲಾಕ್ಷಿ ಗಕ್ಕನೆ ನಿಂತಳು. "ಬಂತಲ್ಲ ಮಾರಾಯ್ತಿ!" ಎಂದು ಕೂಗಿ, ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವ ಹಾಗೆ ರೇಣುವನ್ನು ಅಪ್ಪಿಕೊಂಡಳು. ರೇಣು ಅಂದು ಕ್ಲಿನಿಕ್ಕಿನಲ್ಲಿ ಒಂದೊಂದು ಹೆಸರನ್ನೂ ರಾಗ ಎಳೆದು ಕೂಗಿದಳಂತೆ.

ಮುಂದೆ ಸ್ವಪ್ನಿಲ್‌ನ ಮದುವೆ ಗೊತ್ತಾಯಿತು. ಹುಡುಗಿ ಶ್ರದ್ಧಾ, ಸೊಲ್ಲಾಪುರದ ಕಡೆಯ ಮನೆತನ, ವಿಮಾನ ನಗರದ ಆಫೀಸಿನಲ್ಲಿ ಕೆಲಸ. ಹೊಸ್ತಿಲಲ್ಲಿ ಒಡಪು ಹೇಳಬೇಕಲ್ಲ ಎಂಬ ಮಾತು ಬಂದಾಗ ಸ್ವಪ್ನಿಲ್ ಫೋನಿಗೆ ಹೇಳಿ ಕ್ಷಣದಲ್ಲಿ ಒಂದನ್ನು ಬರೆಸಿ ಅವ್ವನ ಮುಂದೆ ಹಿಡಿದ. "ಬಂಗಾರದ ಬಟ್ಟಲು, ಬೆಳ್ಳಿಯ ಚಮಚ; ಸ್ವಪ್ನಿಲ್ ನನ್ನ ಹೃದಯದ ಕವಚ."

ರೇಣು ಅದನ್ನು ಎರಡು ಸಲ ಓದಿದಳು. ಮುಖ ಕೆಂಪಾಯಿತು. "ಇದಕ್ಕ ಒಡಪು ಅಂತಾರೇನೋ? ಯಾರ ಮನಿಯಾಗದ ಬಂಗಾರದ ಬಟ್ಟಲ? ನಮ್ಮನಿಯಾಗ ಇರೂದು ಸ್ಟೀಲಿನ ವಾಟಿ! ಹುಡಿಗೀನ ಕರಕೊಂಡು ಬಾ ಇಲ್ಲಿ."

ಶ್ರದ್ಧಾ ಬಂದಳು. ರೇಣು ಅವಳನ್ನು ಅಡಿಗೆಮನೆಯಲ್ಲಿ ಕೂಡಿಸಿಕೊಂಡು ಏನೇನೋ ಕೇಳಿದಳು. ಮರುದಿನ ಟೇಕಡಿಯಿಂದ ಇಳಿಯುವಷ್ಟರಲ್ಲಿ ಸೊಸೆಯ ಒಡಪು ತಯಾರಾಗಿತ್ತು. ಮನೆಗೆ ಬಂದವಳೇ ಉಳಿದಿದ್ದ ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಅದನ್ನು ಬರೆದಳು. ಬರೆದು ಮುಗಿಸಿದರೂ ಕೈ ನಿಲ್ಲಲಿಲ್ಲ. ಅದರ ಕೆಳಗೇ ಇನ್ನೊಂದು ಬಂತು. ಅದು ಅವಳದೇ.

ಮದುವೆಗೆ ಗದಗಿನಿಂದ ನಾಗವ್ವ ಬಂದಳು. ಬಸವಪ್ರಭುವಿನ ಅಕ್ಕ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಮನೆತನಕ್ಕೆಲ್ಲ ಹಿರಿಯಳು. ಮೂವತ್ತರ ಒಳಗೇ ಗಂಡನನ್ನು ಕಳೆದುಕೊಂಡು, ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು. ಮನೆಯ ಮದುವೆಗಳಲ್ಲಿ ಬಾಗಿಲು ಅಡ್ಡಗಟ್ಟುವ ಹಕ್ಕು ಅವಳದು. ಮಂಗಳಕಾರ್ಯದಲ್ಲಿ ಮುಂದೆ ಬರದ ನಾಗವ್ವ ಇದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವಳಲ್ಲ. ತಡೆಯುವುದಕ್ಕೆ ಮುತ್ತೈದೆಯೇ ಆಗಬೇಕೆಂದು ಯಾರೂ ಹೇಳಿಲ್ಲ, ಒಡಪು ಹೇಳುವುದಕ್ಕಷ್ಟೇ ಮುತ್ತೈದೆ ಬೇಕು ಎನ್ನುವುದು ಅವಳ ವಾದ.

ರೇಣು ರೊಟ್ಟಿ ಬಡಿಯುತ್ತ ಗುನುಗಿದ್ದು ನಾಗವ್ವನ ಕಿವಿಗೆ ಬಿತ್ತು.

"ಏನದು, ರೇಣು?"

"ಒಡಪು, ಅಕ್ಕಾರ. ನಾನೂ ಹೇಳಬೇಕಂತ ಮಾಡೇನಿ. ಅವರ ಹೆಸರ್ಲೆ."

ನಾಗವ್ವ ಅವಳ ಪಕ್ಕಕ್ಕೆ ಬಂದು ಕೂತಳು. ಆಮೇಲೆ ಮೆತ್ತಗೆ ಹೇಳಿದಳು: "ಬ್ಯಾಡ ತಂಗಿ. ಹೊಸಾ ಸೊಸಿ ಹೊಸ್ತಿಲದಾಗ ನಿಂತಾಗ ಹೋದವರ ಹೆಸರು ತಗೀತಾರೇನು? ನಾಳೆ ಹುಡುಗರಿಗೆ ಒಂದು ನೆಗಡಿ ಬಂದ್ರೂ ಮಂದಿ ನಿನ್ನ ಮ್ಯಾಲೆ ಹಾಕ್ತಾರ. ನನ್ನ ಕೇಳು, ನಾ ಅನುಭವಿಸೇನಿ."

ಬೈದಿದ್ದರೆ ರೇಣು ಎದುರು ಮಾತಾಡುತ್ತಿದ್ದಳು. ಹೀಗೆ ಮೆತ್ತಗೆ ಹೇಳಿದ ಮಾತನ್ನೇ ಅವಳು ನೆನೆಯುತ್ತ ಕೂತಿರುವಾಗ ತವೆಯ ಮೇಲಿನ ರೊಟ್ಟಿ ಹೊತ್ತಿತು.

ಮರುದಿನ ಟೇಕಡಿಯ ಮೇಲೆ ಲೀಲಾಕ್ಷಿಗೆ ಎಲ್ಲ ಹೇಳಿದಳು. "ನೀವು ಹೇಳದೆ ಇದ್ರೆ ಮತ್ತೆ ಎಂತ ಮಾಡ್ತೀರಿ?" ಎಂದು ಲೀಲಾಕ್ಷಿ ಕೇಳಿದಳು. ರೇಣು ಯೋಚಿಸಿದಳು. ಹೇಳದಿದ್ದರೆ ಮತ್ತೆ ಸೋಫಾ, ಮತ್ತೆ ಖಾರಿ. ಅವಳಿಗೆ ಭಯವಾಯಿತು. ನಾಗವ್ವನ ಮಾತಿಗಿಂತ ಹೆಚ್ಚು ಭಯ ಆ ಸೋಫಾದ್ದು.

ಮದುವೆ ಮುಗಿಸಿ ಸಂಜೆ ದಿಬ್ಬಣ ಸೊಸೈಟಿಗೆ ಬಂತು. ಫ್ಲ್ಯಾಟಿನ ಮುಂದಿನ ಓಣಿಯಲ್ಲಿ ಚಪ್ಪಲಿ ರಾಶಿ, ಮೆಟ್ಟಿಲ ತುಂಬ ಮಂದಿ, ಪಕ್ಕದ ಮನೆಯ ಮರಾಠಿ ಹೆಂಗಸರು, ಕಾಕುಗಳೆಲ್ಲ, ಉಖಾಣಾ ಕೇಳಲು ಬಾಗಿಲಿಗೆ ಬಂದಿದ್ದರು. ಒಳಗೆ ನಾಗವ್ವ ಚೌಕಟ್ಟಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದಳು. ಗಂಡನಿಲ್ಲದ ಅತ್ತೆ ಸೊಸೆಯನ್ನು ಎದುರುಗೊಳ್ಳಬಾರದೆಂದು ರೇಣು ಹಿಂದೆ, ಲಿಫ್ಟಿನ ಪಕ್ಕದಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಲೀಲಾಕ್ಷಿ.

"ಹೆಸರು ಹೇಳು, ಒಳಗ ಬಾ," ಎಂದಳು ನಾಗವ್ವ. ಶ್ರದ್ಧಾ ನಾಚಲೂ ಇಲ್ಲ, ತಡವರಿಸಲೂ ಇಲ್ಲ:

"ವಿಮಾನ ನಗರದಾಗ ನೌಕರಿ, ಕೋಥರೂಡದಾಗ ಮನಿ,
ನಡುವ ಟ್ರಾಫಿಕ್ಕಿನಾಗ ಸಿಕ್ಕೊಂಡಾಗ ಸ್ವಪ್ನಿಲ್ ಅವರ್ನ ನೆನಿತೇನಿ."

ಮೆಟ್ಟಿಲುಗಳೆಲ್ಲ ನಕ್ಕವು. ಅರ್ಥವಾಗದ ಕಾಕುಗಳಿಗೆ ಯಾರೋ ಮರಾಠಿಯಲ್ಲಿ ಬಿಡಿಸಿ ಹೇಳಿದರು, ಅವರು ಎರಡನೇ ಸಲ ನಕ್ಕರು. ಈಗಿನ ಕಾಲಕ್ಕೆ ಹುಡುಗನೂ ಹೇಳಬೇಕು, ಸ್ವಪ್ನಿಲ್ ಅರ್ಧ ಹೇಳಿ ಅರ್ಧ ಮರೆತು ಶ್ರದ್ಧಾಳ ಹೆಸರನ್ನಷ್ಟೇ ಕೂಗಿ ಪಾರಾದ. ನಾಗವ್ವ ಕೈ ತೆಗೆದಳು. ಅಕ್ಕಿ ತುಂಬಿದ ಸೇರು ಒದ್ದು ಸೊಸೆ ಒಳಗೆ ಹೋದಳು. ಮಂದಿ ಹಿಂದೆಯೇ ನುಗ್ಗತೊಡಗಿದರು. ಎಲ್ಲ ಮುಗಿಯಿತು, ಇನ್ನು ಊಟ.

ರೇಣು ಲಿಫ್ಟಿನ ಪಕ್ಕದಿಂದ ಹೊರಟಳು. ಚಪ್ಪಲಿ ರಾಶಿ ದಾಟಿ, ಮಂದಿಯ ನಡುವೆ ದಾರಿ ಮಾಡಿಕೊಂಡು ತನ್ನದೇ ಮನೆಯ ಹೊಸ್ತಿಲಿಗೆ ಬಂದಳು. ಕಾಲು ನಡುಗುತ್ತಿರಲಿಲ್ಲ. ಟೇಕಡಿ ಹತ್ತಿದ ಕಾಲು. ಹೊಸ್ತಿಲ ಹೊರಗೆ ನಿಂತು ದನಿ ಎತ್ತಿದಳು.

"ಅಕ್ಕಾರ, ನನ್ನ ಯಾಕ ತಡೀವಲ್ರಿ? ನನ್ನೂ ತಡೀರಿ."

ಒಳಗೆ ಹೋದವರು ತಿರುಗಿದರು. ನಾಗವ್ವ ಅವಳನ್ನು ನೋಡಿದಳು. ಅಂದು ತಮ್ಮನ ಹೆಣದ ಮುಂದೆ ಕಂಡ ಮುಖ, ಈಗ ಹಾಗೆ ಇರಲಿಲ್ಲ. ಮುದುಕಿಯ ಕೈ ಮೇಲಕ್ಕೆ ಹೋಯಿತು, ನಡುವೆ ತಡೆಯಿತು, ಮತ್ತೆ ಹೋಯಿತು. ಚೌಕಟ್ಟಿಗೆ ಅಡ್ಡವಾಗಿ ನಿಂತಿತು.

"ಹೆಸರು ಹೇಳು," ಎಂದಳು ನಾಗವ್ವ. "ಹೇಳಿ ಒಳಗ ಬಾ."

ರೇಣು ಹೇಳಿದಳು:

"ಹೋದವರು ಹೋದರು ಖರೇ, ಹೆಸರ್ಯಾಕ ಹೋದೀತು?
ಹೊಸ್ತಿಲದಾಗ ನಿಂತು ಹೇಳಿದರ ಮನಿ ತುಂಬ ಕೇಳೀತು.
ಸಕ್ಕರಿ ಬಿಡು ಅಂದಾರ ಡಾಕ್ಟರು, ಸಪ್ಪನ ಚಹಾ ಕುಡಿತೇನಿ,
ಬಾಯಿ ಸಿಹಿ ಆಗಬೇಕಂದ್ರ ಬಸವಪ್ರಭು ಅವರ ಹೆಸರು ಹಿಡಿತೇನಿ."

ಮೊದಲು ಚಪ್ಪಾಳೆ ತಟ್ಟಿದವಳು ಲೀಲಾಕ್ಷಿ. ಆಮೇಲೆ ಶ್ರದ್ಧಾ. ಆಮೇಲೆ ಯಾರು ಮೊದಲು, ಯಾರು ಕಡೆಗೆ ಎಂದು ಲೆಕ್ಕ ಸಿಗಲಿಲ್ಲ. ಸ್ವಪ್ನಿಲ್ ಗಂಡಸರ ನಡುವೆ ನಿಂತು ಮಗುವಿನಂತೆ ಅಳುತ್ತಿದ್ದ. ರೇಣು ಅಳುತ್ತಿರಲಿಲ್ಲ. ಅವಳಿಗೆ ಬಹಳ ಖುಷಿಯಾಗಿತ್ತು, ಹಸಿವೂ ಆಗಿತ್ತು. ಒಳಗೆ ಬರಲು ಕಾಲೆತ್ತಿದಳು.

ನಾಗವ್ವನ ಕೈ ಕೆಳಗಿಳಿಯಲಿಲ್ಲ.

"ಅಕ್ಕಾರ, ಹೇಳಿದ್ನಲ್ರಿ?"

ನಾಗವ್ವನಿಗೆ ಅದು ಕೇಳಿಸಲಿಲ್ಲ. ತುಟಿ ಅಲ್ಲಾಡುತ್ತಿದ್ದವು.

"ಫಕೀರಪ್ಪ," ಎಂದಳು.

ಅದು ಯಾರೆಂದು ಬಹಳಷ್ಟು ಮಂದಿಗೆ ತಿಳಿಯಲಿಲ್ಲ. ಸ್ವಪ್ನಿಲ್‌ಗೂ ತಿಳಿಯಲಿಲ್ಲ. ಸೋದರತ್ತೆಯ ಗಂಡನ ಹೆಸರನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ರೇಣುವಿಗೆ ತಿಳಿಯಿತು.

"ಫಕೀರಪ್ಪ," ಎಂದು ಇನ್ನೊಮ್ಮೆ ಹೇಳಿ ನಾಗವ್ವ ಗಾಬರಿಯಿಂದ ರೇಣುವಿನ ಮುಖ ನೋಡಿದಳು. "ಒಡಪು ಮರತೇನಿ ತಂಗಿ. ಹೆಸರಷ್ಟೇ ಉಳದದ."

"ಹೆಂಗಿದ್ರು ಅಕ್ಕಾರ, ಅವರು? ಹೇಳ್ರಿ."

"ಮೀಸಿ ಇತ್ತು. ಇಷ್ಟುದ್ದ. ಪ್ಯಾಟಿಂದ ಬರುವಾಗ ಕಿಸೆದಾಗ ಹುರದ ಶೇಂಗಾ ಹಾಕ್ಕೊಂಡು ಬರೋರು. ನನಗಂತ. ನಮ್ಮ ಅತ್ತೀಗೆ ಗೊತ್ತಾಗದಂಗ."

ರೇಣುವಿಗೆ ಟೇಕಡಿ ಬೇಕಾಗಲಿಲ್ಲ, ಪತ್ರಿಕೆಯ ಬೆನ್ನೂ ಬೇಕಾಗಲಿಲ್ಲ. ಹೊಸ್ತಿಲಾಚೆ ಬಾಗಿ ಮುದುಕಿಯ ಕಿವಿಯಲ್ಲಿ ಹೇಳಿದಳು. ನಾಗವ್ವ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡು, ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಮೇಲಿನ ಮಾಳಿಗೆಗೆ ಕೇಳುವಂತೆ ಕೂಗಿದಳು:

"ಕಿಸೆದಾಗ ಹುರದ ಶೇಂಗಾ, ಮಾರಿ ತುಂಬ ಮೀಸಿ,
ಫಕೀರಪ್ಪನವರ ಹೆಸರು ಹೇಳತೇನಿ, ಕೇಳ ನನ್ನ ಸೊಸಿ!"

ಪಾಯಸ ತಣ್ಣಗಾಗುತ್ತಿದೆ ಎಂದು ಒಳಗಿನಿಂದ ಯಾರೋ ಕೂಗಿದರು. ನಾಗವ್ವ ಆ ಕಡೆ ತಿರುಗಲೇ ಇಲ್ಲ. ಮುಖ ಬೆವರಿ ಕೆಂಪಾಗಿತ್ತು, ಹೊಸ ಮದುಮಗಳ ಹಾಗೆ ನಗುತ್ತಿದ್ದಳು.

"ಇನ್ನೊಮ್ಮೆ ಹೇಳ್ಲೇನ, ರೇಣು?"

"ಹೇಳ್ರಿ ಅಕ್ಕಾರ," ಎಂದಳು ರೇಣು. "ನಾ ಇಲ್ಲೇ ನಿಂತಿರ್ತೇನಿ."